ಮಾಸ್ತರರ ಪಕ್ಕದ ಹಾಸಿಗೆ

ಬೀದರಿನ ಆ ದವಾಖಾನೆಯ ಡಯಾಲಿಸಿಸ್ ಕೋಣೆಯಲ್ಲಿ ಚುನಾವಣೆಯ ಜಗಳ ಶುರುವಾದದ್ದು ಗೋಡೆಯ ಮೇಲಿನ ಟಿವಿಯಿಂದ. ಮೊದಮೊದಲು ಸಿಸ್ಟರ್ ಸುಸನ್ನಾಗೆ ಅದು ಬೇಡವೆನ್ನಿಸಿರಲಿಲ್ಲ. ನಾಲ್ಕು ತಾಸು ಕೈಗೆ ಸೂಜಿ ಚುಚ್ಚಿಸಿಕೊಂಡು ಬಿದ್ದಿರುವ ಮಂದಿಗೆ ಹೊತ್ತು ಹೋಗಬೇಕಲ್ಲ. ಅದರಲ್ಲೂ ಕಿಟಕಿಯ ಪಕ್ಕದ ಎರಡು ಹಾಸಿಗೆಯವರು ಮಾತಿಗೆ ನಿಂತರೆ ಉಳಿದವರು ತಮ್ಮ ನೋವು ಮರೆತು ಕೇಳುತ್ತಿದ್ದರು.

ಒಬ್ಬ ದತ್ತಾತ್ರಿ, ಔರಾದ ತಾಲ್ಲೂಕಿನ ಎಕಂಬಾದವನು. ಕುರಿ ಹಿಂಡು, ಒಣಹೊಲ, ದೊಡ್ಡ ಗಂಟಲು. ಇನ್ನೊಬ್ಬರು ಭಾಲ್ಕಿಯ ಸುಂದರರಾಜ ಮಾಸ್ತರರು. ಕನ್ನಡ ಕಲಿಸಿ ನಿವೃತ್ತರಾದವರು, ಭಾನುವಾರ ತಪ್ಪದೆ ಮೆಥೋಡಿಸ್ಟ್ ಚರ್ಚಿಗೆ ಹೋಗುವವರು. ಮಂಗಳವಾರ, ಶುಕ್ರವಾರ ಮಧ್ಯಾಹ್ನ ಇಬ್ಬರದೂ ಒಂದೇ ಪಾಳಿ. ಎರಡು ವರ್ಷದಿಂದ ಒಬ್ಬರ ಪಕ್ಕ ಒಬ್ಬರು ಮಲಗಿ, ಒಬ್ಬರ ಬುತ್ತಿ ಒಬ್ಬರು ಉಂಡು, ಒಬ್ಬರ ವಾಂತಿಗೆ ಇನ್ನೊಬ್ಬರು ತಟ್ಟೆ ಹಿಡಿದು, ಮನೆಯವರಿಗಿಂತ ಹತ್ತಿರದವರಾಗಿದ್ದರು. ದತ್ತಾತ್ರಿಯ ಹೆಂಡತಿ ಲಲಿತಾಬಾಯಿ ರೊಟ್ಟಿಯ ಜೊತೆಗೆ ಶೇಂಗಾ ಹಿಂಡಿ ತಂದರೆ ಮೊದಲ ಪಾಲು ಮಾಸ್ತರರಿಗೇ.

ಲೋಕಸಭೆ ಚುನಾವಣೆ ಬಂತು. ದಿಲ್ಲಿಯ ಇಬ್ಬರು ನಾಯಕರಲ್ಲಿ ಒಬ್ಬ ದತ್ತಾತ್ರಿಯ ಪಾಲಿಗೆ ದೇವರ ಸಮಾನ. ಇನ್ನೊಬ್ಬನ ಮೇಲೆ ಮಾಸ್ತರರಿಗೆ ಭರವಸೆ.

"ನಿಮ್ಮ ನಾಯಕಗ ಹೆಸರಕಾಳು ಯಾವುದು, ಉದ್ದಿನಕಾಳು ಯಾವುದು ತಿಳೀತದೇನ್ರಿ ಮಾಸ್ತರ? ಹೊಲದಾಗ ನಿಂದರಿಸಿದ್ರ ಹಾದಿ ತಪ್ಪತಾನ ಅಂವ" ಎಂದು ದತ್ತಾತ್ರಿ.

"ನಿಮ್ಮಂವಗ ತಿಳೀತದಲ್ಲ, ಮತ್ತ ತೊಗರಿಗಿ ರೇಟ್ ಯಾಕ ಬರಲಿಲ್ಲ? ಅದರ ಜವಾಬ ಕೊಡ್ರಿ ಮೊದಲ" ಎಂದು ಮಾಸ್ತರರು.

ಎದುರಿನ ಹಾಸಿಗೆಯ ಮುರ್ತುಜಾ ನಗುತ್ತಿದ್ದ. ಯಂತ್ರ ನೋಡಿಕೊಳ್ಳುವ ಕಪಿಲ ಆಗೊಮ್ಮೆ ಈಗೊಮ್ಮೆ ಒಂದು ಮಾತು ಎಸೆದು ಬೆಂಕಿಗೆ ಗಾಳಿ ಹಾಕುತ್ತಿದ್ದ. ಆದರೆ ಮತದಾನ ಹತ್ತಿರವಾದಂತೆ ನಗು ಕಡಿಮೆಯಾಯಿತು. ಯಂತ್ರದ ಪರದೆಯ ಮೇಲೆ ಇಬ್ಬರ ರಕ್ತದೊತ್ತಡವೂ ಏರುವುದನ್ನು ಸುಸನ್ನಾ ಕಂಡಳು. "ಸಾಕ ಮಾಡ್ರಿ, ಇಲ್ಲಂದ್ರ ಟಿವಿ ಬಂದ್ ಮಾಡ್ತೇನಿ" ಎಂದು ಎರಡು ಸಲ ಹೇಳಿದಳು. ಆ ಶುಕ್ರವಾರ ನಿಜವಾಗಿಯೂ ಬಂದ್ ಮಾಡಿದ್ದರೆ ಚೆನ್ನಾಗಿತ್ತು.

ಅವತ್ತು ಮಾಸ್ತರರು ತುಸು ಖಾರವಾಗಿಯೇ ಅಂದರು: "ದತ್ತಾತ್ರಿ, ನೀ ಆ ಮನಷ್ಯಾನ ಪೂಜಾ ಮಾಡ್ಲಾಕತ್ತಿ. ಪೂಜಾ ಮಾಡೋರು ಪ್ರಶ್ನಿ ಕೇಳಂಗಿಲ್ಲ. ದೇಶ ಕೆಡೋದು ಹಿಂಗೇ."

ದತ್ತಾತ್ರಿಯ ಮುಖ ಕೆಂಪಾಯಿತು. ತಲೆದಿಂಬಿನಿಂದ ಕತ್ತೆತ್ತಿ ಅಂದ: "ದೇಶದ ಮಾತು ನೀವ್ ಆಡಬ್ಯಾಡ್ರಿ ಮಾಸ್ತರ. ನಿಮ್ಮ ಮಂದಿಗಿ ಈ ದೇಶ ಎಲ್ಲಿ ಬೇಕಾಗೇದ? ಓಟ್ ಇಲ್ಲಿ ಹಾಕ್ತೀರಿ, ಜೀವ ಹೊರಗಿನವರ ಕಡಿ ಇರ್ತದ."

ಮುರ್ತುಜಾ ಕಣ್ಣು ಮುಚ್ಚಿಕೊಂಡ. ಮಾಸ್ತರರು ಚಾವಣಿಯತ್ತ ತಿರುಗಿದರು. ಆಮೇಲೆ ಮೆಲ್ಲಗೆ, "ನನ್ನ ಅಜ್ಜನ ಗೋರಿ ಭಾಲ್ಕ್ಯಾಗ ಅದ, ದತ್ತಾತ್ರಿ" ಎಂದರು. ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡರು.

ಸುಸನ್ನಾ ಔಷಧಿ ಟ್ರೇ ಹಿಡಿದುಕೊಂಡು ಅಲ್ಲೇ ನಿಂತಿದ್ದಳು. ನೌಬಾದದ ಅವಳ ಮನೆಯ ಬಾಗಿಲ ಮೇಲೂ ಶಿಲುಬೆ ಇತ್ತು. 'ನಿಮ್ಮ ಮಂದಿ' ಎಂದಾಗ ದತ್ತಾತ್ರಿ ಅವಳತ್ತ ನೋಡಿರಲಿಲ್ಲ, ಅವಳು ನೆನಪಿಗೇ ಬಂದಿರಲಿಲ್ಲ ಅವನಿಗೆ. ಅದಕ್ಕೇ ಇನ್ನೂ ಜಾಸ್ತಿ ಉರಿಯಿತು. ಸ್ವಲ್ಪ ಹೊತ್ತಿಗೆ ಅವನ ಪಾಳಿ ಮುಗಿದು, ಕೈಯ ಸೂಜಿ ತೆಗೆದು ಹತ್ತಿ ಒತ್ತಿ ಹಿಡಿಯಬೇಕಾಯಿತು. ಎಂದಿನಂತೆ "ಕಾಕಾ, ಒತ್ತಿ ಹಿಡೀರಿ" ಎನ್ನಲು ಬಾಯಿ ಬರಲಿಲ್ಲ. ಸುಮ್ಮನೆ ಅವನ ಬೆರಳು ತೆಗೆದು ಹತ್ತಿಯ ಮೇಲಿಟ್ಟಳು.

ಮುಂದಿನ ಮಂಗಳವಾರ ಮಾಸ್ತರರು ಬರಲಿಲ್ಲ.

ಡಯಾಲಿಸಿಸ್ ತಪ್ಪಿಸುವುದೆಂದರೆ ಹುಡುಗಾಟವಲ್ಲ. ಸುಸನ್ನಾ ಫೋನ್ ಮಾಡಿದಳು. ಅವರ ಮಗ ಸ್ಟೀಫನ ಎತ್ತಿದ. ಬೀದರಿನ ಹತ್ತಿರದ ಕೊಳಾರದ ಕಾರ್ಖಾನೆಯಲ್ಲಿ ಕೆಲಸ ಮಾಡುವ ಅವನಿಗೆ ಅಪ್ಪನ ಹಟದ ಮುಂದೆ ಏನೂ ನಡೆಯುತ್ತಿರಲಿಲ್ಲ. "ಆ ಪಾಳ್ಯಾಗ ಬರಾಂಗಿಲ್ಲ ಅಂತಾರ್ರಿ ಸಿಸ್ಟರ್. ಬ್ಯಾರೆ ದಿನ ಕೊಡ್ಲಾಕ ಆಗ್ತದೇನ್ರಿ?"

ಬೇರೆ ದಿನ ಎಲ್ಲಿಂದ ಬರಬೇಕು? ಇದ್ದ ನಾಲ್ಕು ಯಂತ್ರಗಳಲ್ಲಿ ಒಂದು ಕೆಟ್ಟು ಕೂತಿತ್ತು. ಉಳಿದ ಮೂರಕ್ಕೆ ಬೆಳಗಿನಿಂದ ಕತ್ತಲವರೆಗೆ ಬಿಡುವಿರಲಿಲ್ಲ. "ಮಾಸ್ತರಗ ಫೋನ್ ಕೊಡು" ಎಂದಳು. ಅವರ ದನಿ ಆಗಲೇ ದಪ್ಪವಾಗಿತ್ತು. "ಬರ್ತೇನವ್ವ. ಮನಸ್ಸು ಸ್ವಲ್ಪ ತಣ್ಣಗಾಗ್ಲಿ" ಎಂದರು.

ಅವತ್ತು ದತ್ತಾತ್ರಿ ಖಾಲಿ ಹಾಸಿಗೆಯತ್ತ ಎರಡು ಮೂರು ಸಲ ನೋಡಿದ. ಲಲಿತಾಬಾಯಿ, "ಮಾಸ್ತರ್ ಯಾಕ ಬಂದಿಲ್ಲ?" ಎಂದು ಕೇಳಿದ್ದಕ್ಕೆ ಅವನು ಟಿವಿಯತ್ತ ಮುಖ ತಿರುಗಿಸಿದ. ಹಿಂದಿನ ಶುಕ್ರವಾರ ಅವಳು ಊರಲ್ಲೇ ಉಳಿದಿದ್ದಳು, ಅವಳಿಗೆ ಸಂಗತಿ ತಿಳಿದಿರಲಿಲ್ಲ.

ಶುಕ್ರವಾರ ಮಾಸ್ತರರ ನಾಯಕನೇ ದಿಲ್ಲಿಯಿಂದ ಬೀದರಿಗೆ ಭಾಷಣಕ್ಕೆ ಬಂದ. ಬಿಸಿಲು ಹೆಂಚು ಕಾಯಿಸಿದಂತೆ ಕಾಯುತ್ತಿತ್ತು. ಹಳ್ಳಿಹಳ್ಳಿಯಿಂದ ಟೆಂಪೊ, ಟ್ರ್ಯಾಕ್ಟರುಗಳಲ್ಲಿ ಜನ ಇಳಿದರು. ರಸ್ತೆ ಬಂದ್ ಆಗಿತ್ತು. ಪಾಳಿಯವರು ಹೇಗೋ ತಡವಾಗಿ ಬಂದು ಮುಟ್ಟಿದರು. ಮಾಸ್ತರರು ಮಾತ್ರ ಅವತ್ತೂ ಕಾಣಲಿಲ್ಲ. ಸ್ಟೀಫನನ ಫೋನು ಹತ್ತಲಿಲ್ಲ. ಬಹಳ ಹೊತ್ತು ಕಾದು, ಖಾಲಿ ಬಿಡಬಾರದೆಂದು ಸುಸನ್ನಾ ಡಾಕ್ಟರನ್ನು ಕೇಳಿ ಅವರ ಯಂತ್ರಕ್ಕೆ ರಾಧಿಕಾ ಎಂಬ ಹೊಸ ರೋಗಿಯನ್ನು ಹಚ್ಚಿದಳು.

ರಾಧಿಕಾಳ ರಕ್ತ ಯಂತ್ರದೊಳಗೆ ತಿರುಗಲು ಶುರುವಾಗಿ ಇನ್ನೂ ಸ್ವಲ್ಪ ಹೊತ್ತಾಗಿತ್ತಷ್ಟೇ, ಹೊರಗೆ ಗದ್ದಲ ಕೇಳಿತು. ಸ್ಟೀಫನ ಅಪ್ಪನನ್ನು ಹೆಚ್ಚುಕಮ್ಮಿ ಹೊತ್ತುಕೊಂಡೇ ಬಂದಿದ್ದ. ನೌಬಾದದ ಹತ್ತಿರ ಗಾಡಿ ನಿಂತಿತ್ತಂತೆ, ಹಿಂದೆ ಹೋಗಲಾರದೆ ಮುಂದೆ ಬರಲಾರದೆ ಮೆರವಣಿಗೆಯ ನಡುವೆ ಸಿಕ್ಕಿಹಾಕಿಕೊಂಡಿದ್ದರಂತೆ. ಮಾಸ್ತರರ ಮುಖ ಊದಿಕೊಂಡಿತ್ತು. ಗಾಲಿಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಉಸಿರು ಸಾಲದೆ ಬಾಯಿ ತೆರೆದಿದ್ದರು. ಎದೆಯಲ್ಲಿ ಗೊರಗೊರ ಸದ್ದು.

ಡಾಕ್ಟರ್ ನಜಮೋದ್ದೀನ ಓಡಿ ಬಂದರು. ಇಸಿಜಿ ಪಟ್ಟಿ ನೋಡಿದವರ ಹುಬ್ಬು ಗಂಟಾಯಿತು. "ಪೊಟ್ಯಾಶಿಯಂ ಏರೇದ. ಹಾರ್ಟಿಗಿ ಇಂಜೆಕ್ಷನ್ ಕೊಟ್ಟು ಸ್ವಲ್ಪ ಹೊತ್ತು ಹಿಡಿತೇನಿ. ಮಷೀನ್ ಈಗಿಂದೀಗ ಬೇಕು ಸುಸನ್ನಾ. ಯಾರನ್ನ ತೆಗೀಬೇಕು, ನೀವೇ ನೋಡ್ರಿ. ಲಗೂ."

ಸುಸನ್ನಾ ಒಳಗೆ ಬಂದು ಮೂರೂ ಪರದೆ ನೋಡಿದಳು. ರಾಧಿಕಾ ಈಗಷ್ಟೇ ಶುರುವಾದವಳು. ಮುರ್ತುಜಾನದು ಅರ್ಧ ಆಗಿತ್ತು, ಸಾಲದ್ದಕ್ಕೆ ಅವನ ಒತ್ತಡ ಇಳಿದು ಈಗ ತಾನೆ ಸರಿಹೋಗಿತ್ತು. ಎಲ್ಲರಿಗಿಂತ ಮುಂಚೆ ಶುರುವಾದವನು ದತ್ತಾತ್ರಿ. ಅವನದು ಮುಕ್ಕಾಲು ಮುಗಿದಿತ್ತು. ಯಾರು ನೋಡಿದರೂ ಅವನನ್ನೇ ತೆಗೆಯಬೇಕು ಎನ್ನುತ್ತಿದ್ದರು.

ಅದು ತಿಳಿದ ಕ್ಷಣ ಅವಳ ಎದೆಯೊಳಗೆ ಸಣ್ಣದೊಂದು ಸಂತೋಷ ಎದ್ದಿತು. 'ಸರಿಯಾಯ್ತು ನಿನಗ' ಎನ್ನುವಂಥದ್ದು. ಎದ್ದದ್ದನ್ನು ಅವಳೇ ಕಂಡಳು, ಕಂಡು ಅಂಜಿದಳು. ಎಷ್ಟೋ ವರ್ಷದಿಂದ ಈ ಕೆಲಸ ಮಾಡುತ್ತಿದ್ದಳು, ಹಾಸಿಗೆಯ ಮೇಲಿದ್ದವರ ಬಗ್ಗೆ ಅಂಥ ಭಾವನೆ ಎಂದೂ ಬಂದಿರಲಿಲ್ಲ. ಮತ್ತೊಮ್ಮೆ ಮೂರೂ ಪರದೆ ನೋಡಿದಳು. ಲೆಕ್ಕ ಬದಲಾಗಲಿಲ್ಲ. ಅವನ ಹತ್ತಿರ ಹೋಗಿ ನಿಂತಳು.

"ಕಾಕಾ, ಮಾಸ್ತರ್ ಬಂದಾರ. ಸ್ಥಿತಿ ಸರಿ ಇಲ್ಲ. ನಿಮ್ಮದು ಬಹಳಷ್ಟು ಮುಗದದ. ಉಳಿದದ್ದು ನಾಳೆ ಮುಂಜಾನಿ ಎಲ್ಲರಿಗಿಂತ ಮೊದಲ ಮಾಡ್ತೇನಿ. ಈಗ ಮಷೀನ್ ಬಿಡ್ರಿ."

ದತ್ತಾತ್ರಿ ಅವಳನ್ನೇ ದಿಟ್ಟಿಸಿದ. "ನಾನೇ ಯಾಕ?"

"ನಿಮ್ಮದೇ ಮೊದಲ ಶುರು ಆಗೇದ್ರಿ."

"ನಿಮ್ಮಂವ ಬಂದಾನಂತ ನನ್ನ ಎಬ್ಬಸ್ತೀ, ಹೌದಿಲ್ಲೋ? ಖರೇ ಹೇಳು."

ಹಾಗಾದರೆ ಅವಳೂ ಚರ್ಚಿನವಳೆಂದು ಅವನಿಗೆ ಗೊತ್ತಿತ್ತು. ಮುರ್ತುಜಾನ ಅಣ್ಣ, ರಾಧಿಕಾಳ ತಾಯಿ, ಕಪಿಲ, ಎಲ್ಲರ ಕಣ್ಣೂ ಅವಳ ಮೇಲಿದ್ದವು. ಹೊರಗೆ ಧ್ವನಿವರ್ಧಕದಲ್ಲಿ ಜೈಕಾರ ಏಳುತ್ತಿತ್ತು. ಸುಸನ್ನಾ ಎಲ್ಲರಿಗೂ ಕೇಳುವಂತೆ ಅಂದಳು.

"ಹೌದ್ರಿ, ನಾನೂ ಅವರ ಮಂದಿನೇ. ಅವತ್ತು ನೀವ್ ಅಂದದ್ದು ನನಗೂ ಮನಸ್ಸಿಗಿ ಹತ್ತೇದ. ಆದ್ರ ಇವತ್ತು ಆ ಕುರ್ಚ್ಯಾಗ ನೀವ್ ಇದ್ದು, ಈ ಹಾಸಿಗ್ಯಾಗ ಅವರಿದ್ರೂ ನಾ ಅವರನ್ನ ಎಬ್ಬಸ್ತಿದ್ದೆ. ನಂಬೋದು ಬಿಡೋದು ನಿಮಗ ಬಿಟ್ಟದ್ದು. ನಿಮ್ಮ ಒಪ್ಪಿಗಿ ಇಲ್ದ ನಾ ಸೂಜಿ ಮುಟ್ಟಾಂಗಿಲ್ಲ."

"ಮುಟ್ಟಬ್ಯಾಡ ಹಂಗಾರ. ನನ್ನ ಪಾಳಿ ನಾ ಯಾಕ ಬಿಡ್ಲಿ?" ದತ್ತಾತ್ರಿ ಗೋಡೆಯ ಕಡೆ ಮುಖ ಮಾಡಿದ.

ಬಾಗಿಲ ಹತ್ತಿರ ನೆಲದ ಮೇಲೆ ಕೂತಿದ್ದ ಲಲಿತಾಬಾಯಿ ಎದ್ದಳು. ಮಾಸ್ತರರನ್ನು ಹೊರಗೆ ನೋಡಿ ಬಂದಿದ್ದಳು. ಸೆರಗು ಸೊಂಟಕ್ಕೆ ಸಿಗಿಸಿ ಗಂಡನ ಹಾಸಿಗೆಯ ತುದಿಗೆ ನಿಂತು ಸುಸನ್ನಾಳನ್ನು ಕೇಳಿದಳು: "ಏನಂದಾನ ಇಂವ ಮಾಸ್ತರಗ?"

ಹೇಳಿದವನು ಕಪಿಲ, ತಲೆ ತಗ್ಗಿಸಿಕೊಂಡು.

ಲಲಿತಾಬಾಯಿ ಕೂಗಾಡಲಿಲ್ಲ. "ಹೋದ ವರ್ಷ ನಿನಗ ಚಳಿ ಹತ್ತಿ ಹಲ್ಲು ಕಟಕಟ ಅನ್ನಲಾಕತ್ತಾಗ ಆ ಮನಷ್ಯಾ ತನ್ನ ಶಾಲು ತಗದು ನಿನಗ ಹೊಚ್ಯಾನ. ನಿನ್ನ ದಿಲ್ಲಿಯಂವ ಬಂದಿದ್ದಿಲ್ಲ ಹೊಚ್ಚಲಾಕ" ಎಂದಳು. "ಹೊಳ್ಳಿ ನೋಡು ಆ ಕಡಿ. ಒಂದು ಸಲ ನೋಡಿ ಆಮ್ಯಾಲ ಬ್ಯಾಡ ಅನ್ನು. ನಾ ಏನೂ ಅನ್ನಲ್ಲ."

ದತ್ತಾತ್ರಿ ಹೊರಳಲಿಲ್ಲ. ಸುಸನ್ನಾ ಗಡಿಯಾರ ನೋಡಿದಳು, ಬಾಗಿಲು ನೋಡಿದಳು. ಹೊರಗೆ ಡಾಕ್ಟರು ಮತ್ತೆ ಕರೆದರು. ರಾಧಿಕಾ ಕ್ಷೀಣ ದನಿಯಲ್ಲಿ, "ನನ್ನನ್ನೇ ತೆಗೀರಿ ಸಿಸ್ಟರ್" ಎಂದಳು. ಅವಳ ತಾಯಿ ಗಾಬರಿಯಾಗಿ ಮಗಳ ಬಾಯಿ ಮುಚ್ಚಿದಳು.

ಆಗ ದತ್ತಾತ್ರಿ ತಲೆ ತಿರುಗಿಸಿದ. ತೆರೆದ ಬಾಗಿಲಾಚೆ ಮಾಸ್ತರರ ಬಾಗಿದ ಬೆನ್ನು ಕಾಣುತ್ತಿತ್ತು, ಉಸಿರಿಗೊಮ್ಮೆ ಮೇಲೆ ಕೆಳಗೆ ಆಡುತ್ತಿತ್ತು. ಅವನು ನೋಡಿದ್ದು ಒಂದು ಕ್ಷಣವಷ್ಟೇ. ಸೂಜಿಯಿದ್ದ ಕೈಯನ್ನು ಸುಸನ್ನಾಳತ್ತ ಸರಿಸಿ, "ತಗಿ" ಎಂದ.

ಮುಂದಿನದೆಲ್ಲ ಕೈಗಳ ಕೆಲಸ. ಅವನ ರಕ್ತ ಅವನಿಗೆ ಮರಳಿಸಿ, ಸೂಜಿ ತೆಗೆದು, ಕಪಿಲ ಯಂತ್ರ ತೊಳೆದು ಹೊಸ ನಳಿಕೆ ಹಚ್ಚುವಷ್ಟರಲ್ಲಿ ಡಾಕ್ಟರು ಇಂಜೆಕ್ಷನ್ನು, ಆಮ್ಲಜನಕ ಕೊಟ್ಟು ಮಾಸ್ತರರನ್ನು ಹಿಡಿದಿಟ್ಟಿದ್ದರು. ಸೂಜಿ ಚುಚ್ಚುವಾಗ ಅವರಿಗೆ ಎಚ್ಚರ ಅರ್ಧವಷ್ಟೇ ಇತ್ತು. ಯಾರ ಹಾಸಿಗೆಯ ಮೇಲೆ ಮಲಗಿದ್ದೇವೆಂದು ಅವರಿಗೆ ತಿಳಿಯಲಿಲ್ಲ. ಕತ್ತಲಾಗುವ ಹೊತ್ತಿಗೆ ಉಸಿರು ಹಾದಿಗೆ ಬಂತು. ಸ್ಟೀಫನ ಗೋಡೆಗೆ ಹಣೆ ಹಚ್ಚಿ ಅತ್ತ.

ಸುಸನ್ನಾ ಹೊರಗೆ ಬಂದಾಗ ದತ್ತಾತ್ರಿ ಬೆಂಚಿನ ಮೇಲೆ ಕಾಲು ಮಡಚಿ ಮಲಗಿದ್ದ. ಅವನು ಔರಾದ ಬಸ್ಸು ಹತ್ತದೆ ಉಳಿದುಕೊಂಡಿದ್ದ. ಅವಳನ್ನು ಕಂಡು ಎದ್ದು ಕೂತ.

"ಉಳಿತಾನೇನು?"

"ಉಳಿತಾರ."

ಅವನು ತಲೆ ಆಡಿಸಿದ. "ನಿನ್ನನ್ನ ಮನಸಿನ್ಯಾಗ ಇಟ್ಟುಕೊಂಡು ನಾ ಅಂದಿದ್ದಿಲ್ಲವ್ವ ಆ ಮಾತು" ಎಂದ.

"ಯಾರನ್ನ ಇಟ್ಟುಕೊಂಡು ಅಂದಿದ್ರಿ ಕಾಕಾ?" ಎಂದಳು ಸುಸನ್ನಾ.

ಅವನು ಪಟ್ಟಿಯ ಅಂಚು ಕೆದಕುತ್ತ ಕೂತ. ಅವಳು ಆ ಕೈಯನ್ನು ತನ್ನತ್ತ ಎಳೆದುಕೊಂಡಳು. ಕೈಗೆ ಕಟ್ಟಿದ ಪಟ್ಟಿ ಬಿಚ್ಚಿ ನೋಡಿ, ರಕ್ತ ನಿಂತಿದೆಯೆಂದು ಖಾತ್ರಿ ಮಾಡಿಕೊಂಡು, ನಾಳೆ ಮುಂಜಾನೆ ತಪ್ಪದೆ ಬರಬೇಕೆಂದು ಹೇಳಿದಳು. ತನ್ನೊಳಗೆ ಎದ್ದಿದ್ದ ಆ ಸಣ್ಣ ಸಂತೋಷದ ಸಂಗತಿಯನ್ನು ಅವನಿಗೂ ಹೇಳಲಿಲ್ಲ, ಮನೆಯಲ್ಲೂ ಹೇಳಲಿಲ್ಲ. ಭಾನುವಾರ ಚರ್ಚಿನಲ್ಲಿ ಕಣ್ಣು ಮುಚ್ಚಿದಾಗ ಮಾತ್ರ ಅದೇ ಮೊದಲು ಎದುರಿಗೆ ಬಂದು ನಿಂತಿತು.

ಕೆಟ್ಟ ಯಂತ್ರ ರಿಪೇರಿಯಾದ ಮೇಲೆ ಮಾಸ್ತರರು ಬೆಳಗಿನ ಪಾಳಿ ಕೇಳಿ ಪಡೆದರು. ಮತದಾನ ಮುಗಿಯಿತು, ಫಲಿತಾಂಶ ಬಂತು, ಯಾರಿಗೂ ಪೂರಾ ಸಮಾಧಾನವಾಗಲಿಲ್ಲ. ಮೃಗಶಿರ ಮಳೆ ಬಿದ್ದು, ಬಿತ್ತನೆ ನಡೆದಿದ್ದ ಒಂದು ಮಂಗಳವಾರ ಬೆಳಗಿನ ಪಾಳಿ ತಡವಾಗಿ ಮುಗಿದು, ಮಾಸ್ತರರು ಹೊರಗೆ ಬರುವುದಕ್ಕೂ ದತ್ತಾತ್ರಿ ಒಳಗೆ ಕಾಲಿಡುವುದಕ್ಕೂ ಸರಿಹೋಯಿತು. ಇಬ್ಬರೂ ಬಾಗಿಲಲ್ಲೇ ನಿಂತರು.

"ಮಾಸ್ತರ, ಅವತ್ತ ನಾ ಅಂದದ್ದು ತಪ್ಪದ" ಎಂದ ದತ್ತಾತ್ರಿ. ಇಡೀ ಕೋಣೆಗೆ ಕೇಳುವಷ್ಟು ದೊಡ್ಡದಾಗಿಯೇ ಅಂದ.

"ತಪ್ಪದ" ಎಂದರು ಮಾಸ್ತರರು. ಅವರ ಮುಖ ಸಡಿಲಲಿಲ್ಲ. "ಬಹಳ ನೋವಾಗೇದ ನನಗ. ಇನ್ನೂ ಹೋಗಿಲ್ಲ."

"ಹೂಂ."

"ಆದ್ರ ನಿನ್ನ ನಾಯಕನ ಬಗ್ಗೆ ನಾ ಅಂದದ್ದು ತಪ್ಪಲ್ಲ, ದತ್ತಾತ್ರಿ. ಅದನ್ನ ನಾ ಹಿಂದಕ ತಗೋಳಾಂಗಿಲ್ಲ."

ದತ್ತಾತ್ರಿ ಎದುರುತ್ತರಕ್ಕೆ ಬಾಯಿ ತೆರೆದ. ಲಲಿತಾಬಾಯಿ ಹಿಂದಿನಿಂದ ಅವನ ಅಂಗಿ ಹಿಡಿದಳು. ಅವನು ಗೋಡೆಗೆ ಸರಿದು ನಿಂತು ದಾರಿ ಬಿಟ್ಟ. ಮಾಸ್ತರರು ಸ್ಟೀಫನನ ಭುಜ ಹಿಡಿದು ಮೆಲ್ಲಗೆ ಮೆಟ್ಟಿಲಿಳಿದರು. ಸುಸನ್ನಾ ಹಾಸಿಗೆಗೆ ಹೊಸ ಹೊದಿಕೆ ಹಾಸಿ, "ಬರ್ರಿ ಕಾಕಾ, ತೂಕ ನೋಡೋಣ" ಎಂದು ಕರೆದಳು.