ಕೆಸರು ಎತ್ತ ಹರಿಯುತ್ತದೆ?

ಬೆಟ್ಟದ ಮೇಲೆ ಗಣಿ. ಗಣಿಯ ಪಕ್ಕದಲ್ಲಿ, ಅದಿರು ತೊಳೆದು ಉಳಿದ ಕೆಸರನ್ನು ನಿಲ್ಲಿಸುವ ದೊಡ್ಡ ಕಟ್ಟೆ. ಕಟ್ಟೆಯ ಕೆಳಗೆ ಒಂದು ಬೀದಿ. ಮಳೆ ಜೋರಾದಾಗಲೆಲ್ಲ ಬೀದಿಯ ಜನ ತಲೆಯೆತ್ತಿ ಆ ಕಡೆ ನೋಡುತ್ತಿದ್ದರು. ನೋಡದವನು ಡೋಜರಪ್ಪ ಒಬ್ಬನೇ. ಪ್ರಾಯದಲ್ಲಿ ಬುಲ್‌ಡೋಜರ್ ಓಡಿಸಿ ಆ ಕಟ್ಟೆಗೆ ಮಣ್ಣು ತುಂಬಿದವನಾದ್ದರಿಂದ ಬೀದಿಯವರು ಇಟ್ಟ ಹೆಸರು ಅದು.

"ನಾನು ಕೈಯಾರೆ ಕಟ್ಟಿದ್ದು. ನೆಮ್ಮದಿಯಾಗಿ ಮಲ್ಕೊಳ್ರಪ್ಪ" ಎನ್ನುತ್ತಿದ್ದ.

ಒಂದು ದಿನ ಸಮುದಾಯ ಭವನಕ್ಕೆ ಎಂಜಿನಿಯರ್ ಹುಡುಗಿಯೊಬ್ಬಳು ಬಂದು, ಗೋಡೆಯ ಮೇಲೆ ಕಂಪ್ಯೂಟರ್ ಚಿತ್ರ ಬಿಟ್ಟಳು. ಅದೇ ಬೆಟ್ಟ, ಅದೇ ಬೀದಿ. ಚಿತ್ರದಲ್ಲಿ ಕಟ್ಟೆಯ ಮೂಲೆ ಒಡೆಯಿತು. ಕೆಸರು ಹಳ್ಳದ ತಿರುವಿನಲ್ಲಿ ಉಕ್ಕಿ, ಬೀದಿಯವರು ಹೊರಹೋಗುವ ಸೇತುವೆಗೆ ನುಗ್ಗಿತು, ಆಮೇಲೆ ಬೀದಿಗೆ ಹೊಕ್ಕಿತು.

ಡೋಜರಪ್ಪನ ಮೈಯೆಲ್ಲ ಉರಿಯಿತು. "ಸಿನಿಮಾ ತೋರಿಸಿ ಹೆದರಿಸ್ತೀಯೇನಮ್ಮಾ? ನಾವು ತುಂಬಿದ ಮಣ್ಣು ಅಷ್ಟು ಸಡಿಲಾನಾ?"

"ನೀವು ಗಟ್ಟಿಯಾಗೇ ಕಟ್ಟಿದ್ದೀರಿ, ತಾತ. ಆಮೇಲೆ ಅದನ್ನ ಎತ್ತರಿಸ್ತಾ ಹೋದ್ರು, ಒಳಗೆ ಕೆಸರೂ ಏರ್ತಾ ಹೋಯ್ತು. ಬಾಂಡ್ಲಿಯಲ್ಲಿ ಗಾರೆ ಗಟ್ಟಿಯಾಗಿ ಕೂತಿರುತ್ತಲ್ಲ, ಬಾಂಡ್ಲಿ ಅಲ್ಲಾಡಿಸಿದ್ರೆ?"

"ಹರಿಯುತ್ತೆ" ಎಂದುಬಿಟ್ಟ ಡೋಜರಪ್ಪ.

"ಈ ಕೆಸರೂ ಹಾಗೇ."

"ಹಾಗಾದ್ರೆ ಯಾವತ್ತು ಒಡೆಯುತ್ತೆ ಅಂತ ಹೇಳಲಿ ನಿನ್ನ ಕಂಪ್ಯೂಟರ್ರು, ನೋಡೋಣ!"

ಜನ ನಕ್ಕರು. ಹುಡುಗಿಯೂ ನಕ್ಕಳು. "ಅದು ಇದಕ್ಕೆ ಗೊತ್ತಿಲ್ಲ. ಒಡೆದ್ರೆ ಎತ್ತ ಹರಿಯುತ್ತೆ, ಎಷ್ಟು ಬೇಗ ಬರುತ್ತೆ, ಅಷ್ಟು ಹೇಳುತ್ತೆ. ಸಣ್ಣದಾಗಿ ಒಡೆದ ಹಾಗೆ, ದೊಡ್ಡದಾಗಿ ಒಡೆದ ಹಾಗೆ, ಎಷ್ಟೋ ಸಲ ಓಡಿಸಿ ನೋಡಿದೀನಿ. ಪ್ರತಿ ಸಲವೂ ನಿಮಗಿಂತ ಮೊದಲು ಕೆಸರೇ ಸೇತುವೆ ಮುಟ್ಟುತ್ತೆ. ಗಣಿಯ ಸೈರನ್ ಕೇಳಿದ್ರೆ ಆ ಕಡೆ ಓಡಬೇಡಿ. ನೀರಿನ ಟ್ಯಾಂಕಿನ ದಿಬ್ಬ ಹತ್ತಿ."

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದದ್ದು ಡೋಜರಪ್ಪನಿಗೆ ಹಿಡಿಸಿತು. ಆದರೂ ಬೀದಿಯವರಿಗೆಲ್ಲ ಒಂದು ದಿನ ಇಟ್ಟ ದಿಬ್ಬ ಹತ್ತುವ ಅಭ್ಯಾಸಕ್ಕೆ ಅವನು ಹೋಗಲಿಲ್ಲ. ಅವನ ಮನೆಯಿಂದ ಬಟ್ಟೆ ಹೊಲಿಯುವ ಸೊಸೆ ಮಾತ್ರ ಮೆಷಿನ್ ಬಿಟ್ಟೆದ್ದು, ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗಿಬಂದಳು.

ಆ ಮಳೆಗಾಲದ ಒಂದು ಮಧ್ಯಾಹ್ನ ಸೈರನ್ ಕೂಗಿತು. ಡೋಜರಪ್ಪನ ಕಾಲು ತಾನಾಗಿ ಸೇತುವೆಯತ್ತ ಹೊರಳಿತು. ಸೊಸೆ ರಟ್ಟೆ ಹಿಡಿದು ಎಳೆದಳು.

"ಆ ಕಡೆ ಅಲ್ಲ ಮಾವ! ಮೇಲಕ್ಕೆ, ಮೇಲಕ್ಕೆ!"

ಏದುಸಿರು ಬಿಡುತ್ತ ದಿಬ್ಬದ ಮೇಲೆ ನಿಂತು ನೋಡಿದರೆ, ಕೆಸರು ಹಳ್ಳದ ತಿರುವಿನಲ್ಲಿ ಉಕ್ಕುತ್ತಿತ್ತು. ಸೇತುವೆ ಕಣ್ಣೆದುರೇ ಮುರಿದು ಹೋಯಿತು. ಬೀದಿಯ ಮನೆಗಳು ಕಿಟಕಿಯ ಮಟ್ಟಕ್ಕೆ ಮುಳುಗಿದವು. ಆದರೆ ಬೀದಿಯ ಜನರೆಲ್ಲ ದಿಬ್ಬದ ಮೇಲಿದ್ದರು. ಡೋಜರಪ್ಪ ಮೊಮ್ಮಗುವನ್ನು ಎದೆಗವಚಿಕೊಂಡು ಗಳಗಳನೆ ಅತ್ತ.

ಕೆಸರು ಒಣಗುವ ಮೊದಲೇ ಎಂಜಿನಿಯರ್ ಬಂದಳು. "ನೀನು ತೋರಿಸಿದ ದಾರೀಲೇ ಬಂತಮ್ಮ. ನಮ್ಮನೆ ದೀಪ ಉಳಿಸಿದೆ" ಎಂದು ಡೋಜರಪ್ಪ ಕೈಮುಗಿದ.

"ಪೂರ್ತಿ ಹಾಗೇ ಅಲ್ಲ, ತಾತ. ಬೀದಿ ಕೊನೇಲಿ ನನ್ನ ಲೆಕ್ಕಕ್ಕಿಂತ ಜಾಸ್ತಿ ಹರಡಿದೆ. ಗೋಡೆ ಮೇಲಿನ ಗುರುತು ಅಳೆದು ತಿದ್ದಬೇಕು. ಇಂಥ ಕಟ್ಟೆಯ ಕೆಳಗೆ ಬೇರೆ ಊರುಗಳೂ ಇವೆಯಲ್ಲ."

"ಟೇಪಿನ ಆ ತುದಿ ಇಲ್ಲಿ ಕೊಡು" ಎಂದು ಡೋಜರಪ್ಪ ಕೆಸರಿಗಿಳಿದ.

ನಿಮ್ಮ ಊರಿನ ಮೇಲೂ ಇಂಥ ಕಟ್ಟೆ ಇದೆಯೇ? ಒಡೆದರೆ ಕೆಸರು ಎತ್ತ ಹರಿಯುತ್ತದೆ ಎಂದು ಗಣಿಯವರನ್ನೂ ಅಧಿಕಾರಿಗಳನ್ನೂ ಕೇಳಿ. ನಕ್ಷೆ ತೋರಿಸಿ ಎಂದು ಪಟ್ಟು ಹಿಡಿಯಿರಿ. ಯಾವ ದಾರಿಯಲ್ಲಿ ಹೋಗಬೇಕು, ಯಾವ ದಿಬ್ಬ ಹತ್ತಬೇಕು ಎಂದು ಇಂದೇ ತಿಳಿದುಕೊಳ್ಳಿ. ಅಭ್ಯಾಸಕ್ಕೆ ಕರೆದ ದಿನ ಮನೆಮಂದಿಯೆಲ್ಲ ಹೊರಡಿ. ಬರುವುದಿಲ್ಲ ಎಂದು ಹಟ ಹಿಡಿದ ಹಿರಿಯರನ್ನು ಮೊದಲು ಕರೆದುಕೊಂಡು ಹೋಗಿ.