ನಟ್ಟನಡುವೆ ಬಿದ್ದ ಹೂವು

ಮತ್ತೆ ಆ ಬೆರಳು, ಮಗಳು ತೃಪ್ತಿಯ ತೋರುಬೆರಳು, ಉಗುರಿನಲ್ಲಿ ಕೇಪುಳ ಹೂವಿನ ಕೆಂಪು ಬಣ್ಣ, ಅರ್ಧ ಕಿತ್ತುಹೋದದ್ದು, ಮೂಗಿನ ಮುಂದಿನಿಂದ ಬಲಕ್ಕೆ ಜಾರುತ್ತದೆ, ಅಮ್ಮಾ, ನಾನು ಹೇಳುವುದು ಕೇಳ್ತದಾ, ಕೇಳಿದರೆ ಬಲಕ್ಕೆ ನೋಡಮ್ಮ, ಇಲ್ಲದಿದ್ದರೆ ಎಡಕ್ಕೆ — ಕೇಳದವಳು ಎಡಕ್ಕೆ ನೋಡುವುದು ಹೇಗೆ ಪೆದ್ದಿ, ಎಂದು ಅಮ್ಮಣ್ಣಿ ಮಗಳನ್ನು ಬೈಯುತ್ತಾಳೆ, ತುಟಿ ಅಲುಗದೆ, ದನಿ ಹೊರಡದೆ, ಹನ್ನೆರಡು ದಿನದಿಂದ ಹೀಗೇ, ಮೂಡುಬಿದಿರೆಯ ಈ ಆಸ್ಪತ್ರೆಯ ಮಂಚದಲ್ಲಿ, ಕೈ ಕಾಲು ತನ್ನದಲ್ಲ, ಮೂಗಿನಲ್ಲಿ ಗಂಜಿಯ ನಳಿಗೆ, ಉಳಿದದ್ದು ಕಣ್ಣು ಮಾತ್ರ, ಅದೂ ಬಲಕ್ಕೆ ತಳ್ಳಿದರೆ ಗೋಡೆ, ಎಡಕ್ಕೆ ತಳ್ಳಿದರೆ ಗೋಡೆ, ಅಡ್ಡ ಅಲುಗದು, ಮೇಲೆ ಹೋಗುತ್ತದೆ, ಕೆಳಗೆ ಬರುತ್ತದೆ, ಅಷ್ಟೆ. ಮೆದುಳಿನ ಕಾಂಡಕ್ಕೆ ರಕ್ತ ಹೋಗುವುದು ನಿಂತಿದೆ, ಪ್ರಜ್ಞೆ ಇರುವ ಹಾಗೆ ಕಾಣುವುದಿಲ್ಲ ಎಂದರು ಡಾಕ್ಟರು, ಬಾಗಿಲಲ್ಲೇ ನಿಂತು, ಒಳಗೆ ಬಂದರಲ್ಲವೇ ಕಾಣುವುದು, ಸಂಕಪ್ಪಣ್ಣನಿಗೆ ಅಷ್ಟೇ ಸಾಕಾಯಿತು, ಸಾಕು ಮಾರಾಯ್ತಿ, ಎಷ್ಟು ಚುಚ್ಚಿಸುವುದು, ನಾಳೆ ನಳಿಗೆ ತೆಗೆಸಿ ಪುತ್ತಿಗೆಗೆ ಕೊಂಡುಹೋಗುವ, ಮನೆಯಲ್ಲೇ ಬಾಯಿಗೆ ನೀರು ಬಿಟ್ಟು ಕಳಿಸುವ — ಕೊಂಡುಹೋಗಲು ನಾನೇನು ಅಕ್ಕಿಮುಡಿಯಾ ಅಣ್ಣ, ಇನ್ನೊಂದು ಸಲ ಕೇಳ್ತೇನೆ ಮಾವ, ಒಂದೇ ಸಲ, ಎನ್ನುತ್ತಾಳೆ ತೃಪ್ತಿ, ಕೇಳು, ಆದರೆ ಬಲ ಎಡ ಬಿಡು, ಮೇಲೆ ನೋಡೆಂದು ಹೇಳು, ಬಲವಾದರೆ ಹೌದು ಎಡವಾದರೆ ಇಲ್ಲ ಎಂದು ಇವಳ ತಲೆಗೆ ತುಂಬಿದವರು ಯಾರು — ಯಾರು, ತಾನೇ, ಬಾವಿ ತೋಡುವುದಕ್ಕೂ ದೇವರಲ್ಲಿ ಹೂ ಕೇಳಿದವಳು, ತೃಪ್ತಿ ನರ್ಸಿಂಗ್ ಓದುತ್ತೇನೆ ಎಂದಾಗಲೂ ಕೇಳಿದವಳು, ಆ ಸಲ ದೇವರ ಹಣೆಗೆ ಅಂಟಿಸಿದ ಒದ್ದೆ ಕೇಪುಳ ಬಲಕ್ಕೂ ಇಲ್ಲ, ಎಡಕ್ಕೂ ಇಲ್ಲ, ನಟ್ಟನಡುವೆ ಕೆಳಗೆ ಬಿತ್ತು, ಇದು ಲೆಕ್ಕಕ್ಕಿಲ್ಲ ಅಮ್ಮ, ಇನ್ನೊಮ್ಮೆ ಕೇಳುವ ಎಂದರು ಭಟ್ಟರು, ಕೇಳಲಿಲ್ಲ, ಮನೆಗೆ ಬಂದು ಎಡಕ್ಕೆ ಬಿತ್ತು ಎಂದುಬಿಟ್ಟಳು, ಹುಡುಗಿ ಅಲ್ಲೇ ಅರ್ಜಿ ಹರಿದಳು, ಓದಿದ್ದರೆ ಇವತ್ತು ಇವಳಿಗೆ ಗೊತ್ತಿರುತ್ತಿತ್ತು, ಈ ಕಣ್ಣು ಅಡ್ಡ ಹೋಗದು, ನೆಟ್ಟಗೆ ಮಾತ್ರ ಎಂದು ಗೊತ್ತಿರುತ್ತಿತ್ತು, ಥೂ ನಿನ್ನ ಸುಳ್ಳಿಗೆ ಅಮ್ಮಣ್ಣಿ, ಥೂ — ಬೆರಳು ಬರುತ್ತದೆ, ಕೆಂಪು ಉಗುರು, ಕೇಳಿದರೆ ಬಲಕ್ಕೆ ನೋಡಮ್ಮ, ಅವಳು ಇದ್ದಬದ್ದ ಸಿಟ್ಟನ್ನೆಲ್ಲ ಕಣ್ಣಿಗೆ ಕೊಟ್ಟು ಮೇಲೆತ್ತುತ್ತಾಳೆ, ಇಳಿಸುತ್ತಾಳೆ, ಮೇಲೆ, ಕೆಳಗೆ, ಮಾವ, ಕಣ್ಣು ಮೇಲೆ ಹೋಯಿತಲ್ಲ, ನೋಡಿದಿರಾ, ಬಲಕ್ಕೆ ಹೋಯಿತಾ, ಅಣ್ಣನ ದನಿ, ಇಲ್ಲ, ಹಾಗಾದರೆ ಲೆಕ್ಕಕ್ಕಿಲ್ಲ ಮಗಾ, ಲೆಕ್ಕಕ್ಕಿಲ್ಲ, ಬೆರಳು ಮಡಚಿಕೊಳ್ಳುತ್ತದೆ, ಒದ್ದೆ ಕೇಪುಳ, ಬಲಕ್ಕೂ ಇಲ್ಲ, ಎಡಕ್ಕೂ ಇಲ್ಲ, ನಟ್ಟನಡುವೆ, ಕೆಳಗೆ