ಮಾರ್ಲಿಸಳ ಹುಳು, ನನ್ನ ಗುಂಡಿ

ಅಪ್ಪ ನನ್ನ ತಂಗಿ ಮಾರ್ಲಿಸ್‌ಗೆ ಕೊಟ್ಟಿದ್ದು ಬರೀ ಕಲ್ಲು. ಗುಡ್ಡದ ಮೇಲಿನ ಸಪಾಟು ಹೊಲ, ಮೆಕ್ಕೆಜೋಳ ಆಳೆತ್ತರ ಬೆಳೆಯುವ ಕಪ್ಪು ಮಣ್ಣು, ಹಿರಿಯಳೆಂದು ನನಗೆ ಬಂತು. ಹೊಲದ ಅಂಚಿನಿಂದ ಹೊಳೆಯವರೆಗಿನ ಇಳಿಜಾರು, ದನ ಹತ್ತಿದರೆ ಕಾಲು ಮುರಿದುಕೊಳ್ಳುವ ಜಾಗ, ಅವಳ ಪಾಲಾಯಿತು. ‘ಪಾಪ ಮಾರ್ಲಿಸ್’ ಎಂದು ಊರೆಲ್ಲ ಮರುಗಿತು. ನಾನೂ ಮರುಗಿದೆ. ಸುಳ್ಳೇಕೆ ಹೇಳಲಿ, ಮರುಗುವುದು ಹಿತವಾಗಿಯೇ ಇತ್ತು.

ಆಮೇಲೆ ಆ ಹುಳು ಸಿಕ್ಕಿತು.

ಅಂಗಿಯ ಗುಂಡಿಗಿಂತ ಚಿಕ್ಕದೊಂದು ಕಂದು ಬಸವನಹುಳು. ಹಿಮಯುಗದ ಜೊತೆಗೇ ಅದರ ವಂಶವೂ ಮುಗಿಯಿತು, ಹಳೆಯ ಹೂಳಿನಲ್ಲಿ ಚಿಪ್ಪಷ್ಟೇ ಉಳಿದಿದೆ ಎಂದು ಓದಿದವರೆಲ್ಲ ನಂಬಿದ್ದರಂತೆ. ನೋಡಿದರೆ ಮಾರ್ಲಿಸಳ ಕಲ್ಲುಸಂದಿಯಲ್ಲಿ, ಕೊಳೆತ ಎಲೆಗಳಡಿ, ಆರಾಮಾಗಿ ಸಂಸಾರ ಮಾಡಿಕೊಂಡಿದೆ! ಜುಲೈ ತಿಂಗಳಲ್ಲಿ ನಮ್ಮ ಅಯೋವಾ ರಾಜ್ಯ ಪೂರ್ತಿ ಬೆಂದುಹೋಗುತ್ತಿದ್ದರೂ ಆ ಸಂದಿಗಳಿಂದ ಫ್ರಿಜ್ಜಿನ ಬಾಗಿಲು ತೆರೆದ ಹಾಗೆ ತಣ್ಣನೆ ಗಾಳಿ ಬರುತ್ತದೆ. ಆ ತಂಪು ನಿಂತರೆ ಹುಳು ಬದುಕುವುದಿಲ್ಲ. ಚಿಕ್ಕವರಿದ್ದಾಗ ನಾವಿಬ್ಬರೂ ಅಲ್ಲಿ ಬೆಣ್ಣೆ ಡಬ್ಬಿ ಇಟ್ಟುಬರುತ್ತಿದ್ದೆವು. ಹುಳುವನ್ನು ಯಾರು ನೋಡಿದ್ದರು?

ಅಲ್ಲಿಂದ ಶುರುವಾಯಿತು ಮಾರ್ಲಿಸಳ ದರ್ಬಾರು. ಪ್ರತಿ ಜುಲೈಯಲ್ಲೂ ಹುಳು ಎಣಿಸಲು ಟೆಸ್ಸಾ ಎಂಬ ವಿಜ್ಞಾನದ ಹುಡುಗಿ ಬರುತ್ತಾಳೆ, ಮಾರ್ಲಿಸಳ ಮನೆಯಲ್ಲೇ ಉಳಿಯುತ್ತಾಳೆ, ರೂಬಾರ್ಬ್ ಎಂಬ ಹುಳಿದಂಟು ತುಂಬಿ ಅವಳು ಬೇಯಿಸುವ ಪೈ ತಿಂದು ಹೊಗಳುತ್ತಾಳೆ. ಅದು ನಮ್ಮ ಅಮ್ಮನ ಪೈ. ನನಗೆ ಅವಳಿಗಿಂತ ಚೆನ್ನಾಗಿ ಬರುತ್ತದೆ. ಪೇಪರಿನಲ್ಲಿ ಮಾರ್ಲಿಸಳ ಫೋಟೋ ಬಂತು. ನಲವತ್ತು ವರ್ಷ ಈ ಊರಿನಲ್ಲಿ ನಾನು ಆರ್ಡಿಸ್ ಆಗಿದ್ದೆ, ಈಗ ಪೋಸ್ಟಾಫೀಸಿನಲ್ಲಿ ಕೇಳುತ್ತಾರೆ, “ನೀವು ಹುಳದ ಮಾರ್ಲಿಸ್ ಅವ್ರ ಅಕ್ಕ ಅಲ್ವಾ?” ಮೈಯೆಲ್ಲ ಉರಿಯುತ್ತಿತ್ತು.

ಈ ವರ್ಷ ಟೆಸ್ಸಾ ಬರುವ ಹಿಂದಿನ ದಿನ, ನಾನೂ ನನ್ನ ಗಂಡ ವರ್ಜಿಲ್ಲೂ ಹೊಲದ ಗುಂಡಿ ಮುಚ್ಚಲು ಹೊರಟಿದ್ದೆವು. ನೆಲ ಕುಸಿದು ಆದ ಗುಂಡಿ. ಇಂಥವು ಇಲ್ಲಿ ಎಲ್ಲರ ಹೊಲದಲ್ಲೂ ಇವೆ, ಎಲ್ಲರೂ ಹಾಳುಮೂಳು ಸುರಿದೇ ಮುಚ್ಚುತ್ತಾರೆ. ನಾವು ಒಂದು ಟ್ರೈಲರ್ ಸುರಿದಿದ್ದೆವು: ತುಕ್ಕು ಹಿಡಿದ ಒಲೆ, ಬೇಲಿ ತಂತಿ, ಕೊಟ್ಟಿಗೆಯ ಮುರಿದ ಹಲಗೆ. ಮಾರನೆಯ ಬೆಳಿಗ್ಗೆ ಎರಡನೆಯ ಟ್ರೈಲರ್ ತುಂಬಿ ನಿಂತಿತ್ತು. ಅಷ್ಟರಲ್ಲಿ ಟೆಸ್ಸಾ ಬೆವರೊರೆಸಿಕೊಳ್ಳುತ್ತ ಗುಡ್ಡ ಹತ್ತಿ ಬಂದಳು.

“ಆರ್ಡಿಸ್ ಅವ್ರೇ, ನಿಮ್ಮ ಗುಂಡಿಗೊಂದು ಥರ್ಮಾಮೀಟರ್ ಇಡಬಹುದಾ?” ಎಂದವಳು ಒಳಗೆ ಬಗ್ಗಿ ನೋಡಿದಳು. ಮುಖ ಬಿಳಿಚಿಕೊಂಡಿತು. “ಅಯ್ಯೋ, ಮುಚ್ತಿದ್ದೀರಾ?”

“ನಮ್ಮ ಗುಂಡಿ, ನಾವು ಮುಚ್ತೀವಿ. ನಿಂಗೇನಮ್ಮಾ?”

“ಚಳಿಗಾಲದ ಗಾಳಿ ಇದರೊಳಗೇ ಇಳಿಯೋದು. ಬಂಡೆಯೊಳಗೆ ಮಂಜುಗಡ್ಡೆ ಕಟ್ಟೋದು ಅದರಿಂದಾನೇ. ಕೆಳಗೆ ಮಾರ್ಲಿಸ್ ಅವ್ರ ಜಾಗದಲ್ಲಿ ಬೇಸಿಗೇಲಿ ಬರೋ ತಂಪು ಇಲ್ಲಿಂದ ಹೋಗಿದ್ದು. ಇದು ಮುಚ್ಚಿದ್ರೆ ಹುಳು ಉಳಿಯಲ್ಲ.”

ಆಹಾ! ಹಾಗಾದರೆ ಆ ರಾಣಿ ಮೆರೆಯುತ್ತಿರುವುದು ನನ್ನ ಹೊಲದ ತಂಪಿನಲ್ಲಿ! ಹಿಂದೆಯೇ ಇನ್ನೊಂದು ಯೋಚನೆಯೂ ಬಂತು: ಇನ್ನೆರಡು ಟ್ರೈಲರ್, ಅಷ್ಟೇ. ಫೋಟೋ ಇಲ್ಲ, ದರ್ಬಾರಿಲ್ಲ. ಬಂತು ಆ ಯೋಚನೆ, ಬರಲಿಲ್ಲ ಎನ್ನುವುದಿಲ್ಲ.

“ಇದು ಮಾರ್ಲಿಸ್‌ಗೆ ಗೊತ್ತಾ?” ಎಂದು ಕೇಳಿದೆ.

ಟೆಸ್ಸಾ ತಡವರಿಸಿದಳು. “ಆರು ವರ್ಷದ ಹಿಂದೇನೇ ಹೇಳಿದ್ದೆ. ಅಕ್ಕಂಗೆ ನಾನೇ ಹೇಳ್ತೀನಿ ಅಂದಿದ್ರು.”

ಆರು ವರ್ಷ! ಚಪ್ಪಲಿ ಜಾರುತ್ತಿದ್ದರೂ ಲೆಕ್ಕಿಸದೆ ಇಳಿಜಾರು ಇಳಿದೆ. ಮಾರ್ಲಿಸ್ ಅಡುಗೆಮನೆಯಲ್ಲಿ ಪೈಗೆ ಹಿಟ್ಟು ಲಟ್ಟಿಸುತ್ತಿದ್ದಳು.

“ಏನೇ ಮಹಾರಾಣಿ, ಗುಂಡಿ ವಿಷಯ ಯಾಕೆ ಮುಚ್ಚಿಟ್ಟೆ? ನನ್ನ ಹೊಲದ ತಂಪಲ್ಲಿ ಮೆರೀತಿದ್ದೀಯ, ಬಾಯಿಬಿಟ್ಟು ಒಂದು ಮಾತು ಹೇಳೋಕ್ಕಾಗಲಿಲ್ವಾ?”

ಅವಳು ತಲೆ ಎತ್ತಲಿಲ್ಲ. “ಹೇಳಿದ್ರೆ ನೀನು ಮುಚ್ಚಿಬಿಡ್ತಿದ್ದೆ.”

ಇಲ್ಲ ಎನ್ನೋಣವೆಂದರೆ ಮೇಲೆ ಟ್ರೈಲರ್ ನಿಂತಿತ್ತಲ್ಲ.

“ಅದೊಂದೇ ಅಲ್ಲ ಕಣೇ ಆರ್ಡಿಸ್,” ಎಂದಳು. ಲಟ್ಟಣಿಗೆ ಬದಿಗಿಟ್ಟಳು. “ಹುಟ್ಟಿದಾಗಿಂದ ನಂಗೆ ಬಂದಿದ್ದೆಲ್ಲಾ ನೀನು ಬಿಟ್ಟಿದ್ದೇ. ಕೋಟು ನಿಂದು, ಶೂ ನಿಂದು. ಸ್ಕೂಲ್ ಡ್ಯಾನ್ಸಿಗೆ ಹಾಕ್ಕೊಂಡ ಫ್ರಾಕೂ ನಿಂದೇ, ತೋಳಲ್ಲಿ ನಿನ್ನ ಬೆವರಿನ ಕಲೆ ಇತ್ತು, ಕೈ ಎತ್ತದೇ ಕುಣಿದೆ. ಜಮೀನೂ ನಿಂಗೆ ಬೇಡದ್ದೇ ಬಂತು. ಕೊನೆಗೊಂದು ಹುಳು, ನೋಡು, ನಂಗೆ ಅಂತಾನೇ ಬಂತು ಅಂದ್ಕೊಂಡೆ. ಆಮೇಲೆ ಆ ಹುಡುಗಿ ಹೇಳ್ತಾಳೆ, ತಂಪು ನಿಮ್ಮ ಅಕ್ಕನ ಹೊಲದಿಂದ ಬರೋದು ಅಂತ.” ಅವಳ ಗಲ್ಲಕ್ಕೆ ಹಿಟ್ಟು ಮೆತ್ತಿತ್ತು. “ಅದೂ ನೀನು ಬಳಸಿ ಬಿಟ್ಟಿದ್ದೇ ಆಯ್ತು. ಹೇಗೆ ಹೇಳ್ಲಿ ನಿಂಗೆ?”

ಆ ಫ್ರಾಕು ನನಗೆ ಚೆನ್ನಾಗಿ ನೆನಪಿದೆ. ಹಸಿರು ಬಣ್ಣದ್ದು. ಅವಳು ಅದನ್ನು ತೊಟ್ಟು ಮೆಟ್ಟಿಲಿಳಿದು ಬಂದಾಗ, ‘ನಂಗೇ ಚೆನ್ನಾಗಿ ಒಪ್ತಿತ್ತು’ ಎಂದು ಎಲ್ಲರೆದುರು ಹೇಳಿದ್ದೆ. ಅದೂ ನೆನಪಿದೆ.

ಮತ್ತೆ ಗುಡ್ಡ ಹತ್ತಿದೆ. “ಒಲೆ ಮೇಲಕ್ಕೆತ್ತು,” ಎಂದೆ ವರ್ಜಿಲ್‌ಗೆ.

“ನಿಂಗೇನು ತಲೆ ಕೆಟ್ಟಿದ್ಯಾ? ನಿನ್ನೆ ಹಾಕ್ಸಿದೋಳು ನೀನೇ!”

“ಎತ್ತು ಅಂದೆ.”

ಸಂಜೆಯವರೆಗೂ ಎತ್ತಿದೆವು. ಟೆಸ್ಸಾ ಹಗ್ಗ ಕಟ್ಟಿಕೊಂಡು ಒಳಗಿಳಿದು ಕೊನೆಯ ತಂತಿಯನ್ನೂ ತಂದಳು. “ಮಾರ್ಲಿಸ್‌ಗೆ ಈ ಒಲೆ ವಿಷ್ಯ ಹೇಳಿದ್ರೆ ನೋಡು,” ಎಂದು ಅವಳಿಗೆ ಬೆರಳು ತೋರಿಸಿದೆ.

ಆ ಭಾನುವಾರ ಚರ್ಚಿನ ನೆಲಮಾಳಿಗೆಯಲ್ಲಿ ಊರವರೆಲ್ಲರ ಊಟ. ಟೆಸ್ಸಾ ಈ ವರ್ಷದ ಎಣಿಕೆ ಹೇಳಿದಳು, ಹುಳು ಹೆಚ್ಚಾಗಿದ್ದವು. ಎಲ್ಲರೂ ಮಾರ್ಲಿಸಳ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ಆಲೂಗಡ್ಡೆ ಬಡಿಸಿಕೊಳ್ಳುತ್ತಿದ್ದ ಮುದುಕ ಓರ್ವಿಲ್, “ಅಲ್ಲಮ್ಮಾ, ಈ ಸೆಕೇಲಿ ಆ ತಂಪು ಎಲ್ಲಿಂದ ಬರುತ್ತೆ?” ಎಂದು ಕೇಳಿದ.

ಟೆಸ್ಸಾ ತಟ್ಟೆ ನೋಡುತ್ತ ಕುಳಿತಳು. ಮಾರ್ಲಿಸ್ ನನ್ನ ಕಡೆ ನೋಡಿದಳು. ಕುತ್ತಿಗೆ ಕೆಂಪಾಗಿತ್ತು. ಹೇಳಲೆಂದು ಬಾಯಿ ತೆರೆದಳು.

ಹೇಳಿದ್ದರೆ ಚಪ್ಪಾಳೆಯಲ್ಲಿ ಅರ್ಧ ನನ್ನದು. ಎಷ್ಟು ಆಸೆಯಾಯಿತೆಂದರೆ ನಾಲಿಗೆ ಕಚ್ಚಿಕೊಂಡೆ.

“ಅವಳ ಬಂಡೆಯೊಳಗಿಂದ,” ಎಂದೆ. “ಇನ್ನೆಲ್ಲಿಂದ ಬರುತ್ತೆ? ಎಲ್ಲಾ ಅವಳದ್ದೇ.”

ಮಾರ್ಲಿಸ್ ತಾನು ಮಾಡಿ ತಂದಿದ್ದ ಪೈನ ಮೊದಲ ತುಂಡು ಕತ್ತರಿಸಿ, ಟೆಸ್ಸಾಳನ್ನೂ ಪಾದ್ರಿಯನ್ನೂ ದಾಟಿಸಿ, ನನ್ನ ತಟ್ಟೆಗೆ ಹಾಕಿದಳು. ತಿಂದೆ. ನನ್ನದಕ್ಕಿಂತ ಚೆನ್ನಾಗಿತ್ತು, ಹಾಳಾದ್ದು.